ಎಂಜಿನ್ ಸಾಬ್ರ ಕಿವಿ

ಅವರ ಬಲಗಿವಿಯ ಅಂಚು ಸದಾ ಕಪ್ಪಗಿರುತ್ತಿತ್ತು. ಹಬ್ಬದ ದಿನ ಬಿಳಿ ಜುಬ್ಬ ತೊಟ್ಟು, ಅತ್ತರು ಹಚ್ಚಿಕೊಂಡು ನಮಾಜಿಗೆ ಹೊರಟಾಗಲೂ ಆ ಗ್ರೀಸಿನ ಕಲೆ ಹೋಗಿರುತ್ತಿರಲಿಲ್ಲ. ಎಂಜಿನ್ನಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಆನಿಸಿ, ಅದರ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಒಳಗಿನ ಸದ್ದು ಕೇಳುವುದು ಅವರ ಪರೀಕ್ಷೆಯ ಕ್ರಮ. ಮಳವಳ್ಳಿಯಲ್ಲಿ ನಾನು ಹೈಸ್ಕೂಲು ಮೇಷ್ಟ್ರಾಗಿ ಬಾಡಿಗೆಗಿದ್ದ ಮನೆಯ ಎದುರಿಗೇ ಅವರ ಪಂಪ್‌ಸೆಟ್ ರಿಪೇರಿ ಅಂಗಡಿ. ಊರಿಗೆಲ್ಲ ಅವರು ಎಂಜಿನ್ ಸಾಬ್ರು.

ಅವರು ಕೇಳುವಾಗ ಯಾರೂ ತುಟಿಪಿಟಕ್ಕೆನ್ನುವಂತಿರಲಿಲ್ಲ. ಬಂಡೂರಿನ ಗೌಡರೊಬ್ಬರು ಒಮ್ಮೆ ನಡುವೆ ಬಾಯಿ ಹಾಕಿ, ಎಂಜಿನ್ನಿನ ರೋಗ ಇಂಥದ್ದೇ ಎಂದು ವಿವರಿಸತೊಡಗಿದರು. ಸಾಬ್ರು ಕಿವಿಯಿಂದ ಹಿಡಿ ತೆಗೆಯದೆಯೇ, "ನಿಮ್ ಮಾತ್ನ ಮನೇಲಿ ಕೇಳ್ತಾರೆ ಬುಡಿ ಗೌಡ್ರೆ. ಇಲ್ಲಿ ಇದು ಮಾತಾಡ್ಲಿ" ಎಂದರು. ಗೌಡರು ಬೀಡಿ ಹಚ್ಚಿಕೊಂಡು ಆಚೆ ಹೋಗಿ ನಿಂತರು. ಎರಡೇ ನಿಮಿಷದಲ್ಲಿ ರೋಗ ಪತ್ತೆಯಾಯಿತು; ಅದು ಗೌಡರು ಹೇಳಿದ್ದಾಗಿರಲಿಲ್ಲ. ಈ ಕತೆ ಹಬ್ಬಿದ ಮೇಲೆ ಅಂಗಡಿಯೊಳಗೆ ದೇವಸ್ಥಾನದಲ್ಲಿ ಇಲ್ಲದಷ್ಟು ಮೌನ. ನಲವತ್ತು ಮಕ್ಕಳನ್ನು ಗದರಿಸಿ ಕೂರಿಸುವ ನಾನೇ ಅಲ್ಲಿ ಕೈಕಟ್ಟಿ ಕೂರುತ್ತಿದ್ದೆ.

ಕೆರೆ ಮೀನಿನ ಗುತ್ತಿಗೆದಾರನೊಬ್ಬ ಹಳೆಯ ಫೈಬರ್ ದೋಣಿಯೊಂದನ್ನು ಅವರಿಗೆ ಬಿಟ್ಟುಕೊಟ್ಟು ಹೋಗಿದ್ದ. ಸಾಬ್ರು ಅದಕ್ಕೆ ಡೀಸೆಲ್ ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿ, ಹಿಂದೆ ನೀರು ತಳ್ಳುವ ಫ್ಯಾನು ಜೋಡಿಸಿದರು. ಅವರ ಅಕ್ಕನ ಮನೆ ನರಸೀಪುರದಲ್ಲಿತ್ತು. "ಭಾನ್ವಾರದ ಊಟ ಅಕ್ಕನ ಮನೇಲಿ. ಬಸ್ಸಲ್ಲಲ್ಲ, ಒಳೆ ಮ್ಯಾಲೆ. ಬತ್ತೀರಾ ಮೇಸ್ಟ್ರೆ?" ಎಂದು ಕರೆದರು.

ದೀಪಾವಳಿ ಕಳೆದ ಮೊದಲ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ದೋಣಿಯಿದ್ದ ಟೆಂಪೋ ಹತ್ತಿದೆ. ತಲಕಾಡಿನಲ್ಲಿ ಹೊಳೆಗೆ ಅಡ್ಡ ಹಾಕಿದ ಕಟ್ಟೆಯ ಮೇಲ್ಗಡೆ ದೋಣಿ ಇಳಿಸಿ, ಅಲ್ಲೇ ಅವರ ಪರಿಚಯದವರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಹೊಳೆಯ ಹರಿವಿಗೆ ಎದುರಾಗಿ ಹೊರಟೆವು. ಮಳೆಗಾಲದ ಕೆಸರು ಕಳೆದು ಕಾವೇರಿ ತಿಳಿಯಾಗಿದ್ದಳು, ತುಂಬಿಯೂ ಇದ್ದಳು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನೆಟ್ಟಗಾಗಿ, "ನೋಡಮ್ಮಿ, ಪಂಪ್‌ಸೆಟ್ಟು ನೀರ್ ಮ್ಯಾಲೆ ಓಯ್ತಾ ಅದೆ" ಎಂದು ಪಕ್ಕದವಳಿಗೆ ಕೂಗಿ ಹೇಳಿದಳು. ನಾನು ನಕ್ಕೆ. ನನ್ನ ಮುಖ ನೋಡಿ ಸಾಬ್ರೂ ನಕ್ಕರು.

ಒಂದು ಗಂಟೆ ಕಳೆದಿರಬೇಕು. ಎಂಜಿನ್ನಿನ ಡುಗುಡುಗು ಸದ್ದಿನ ನಡುವೆ ಒಂದು ಟಕ್ ಟಕ್ ಸೇರಿಕೊಂಡಿತು. ಸಾಬ್ರತ್ತ ನೋಡಿದೆ. ಅವರು ಚುಕ್ಕಾಣಿ ಹಿಡಿದು ನೆಮ್ಮದಿಯಾಗಿ ಮುಂದೆ ನೋಡುತ್ತಿದ್ದರು. ನನಗೆ ಕೇಳುವುದು ಅವರಿಗೆ ಕೇಳದಿದ್ದೀತೇ ಎಂದುಕೊಂಡೆ. ಗೌಡರಿಗಾದ ಗತಿಯೂ ನೆನಪಿತ್ತು. ಸದ್ದು ಜೋರಾಯಿತು, ಆಗಲೂ ನಾನು ಬಾಯಿ ಬಿಡಲಿಲ್ಲ. ಮತ್ತೆ ಸ್ವಲ್ಪ ಹೊತ್ತಿಗೆ ಎಂಜಿನ್ ಕಟಾರನೆ ಸದ್ದು ಮಾಡಿ ನಿಂತಿತು.

ನಿಂತ ದೋಣಿಯನ್ನು ಹೊಳೆ ಹಿಂದಕ್ಕೆ, ಕಟ್ಟೆಯ ಕಡೆಗೆ ಎಳೆಯತೊಡಗಿತು. ಕಟ್ಟೆಯ ಮೇಲಿಂದ ನೀರು ಹಾರಿ ಬೀಳುವುದನ್ನು ಬೆಳಿಗ್ಗೆಯೇ ನೋಡಿದ್ದೆವು. ನನಗೆ ಈಜು ಬಾರದು. ಇದ್ದ ಒಂದೇ ಹುಟ್ಟನ್ನು ಹಾಕಿ ಹಾಕಿ ಸಾಬ್ರು ಸುಸ್ತಾದರು. ನಾನು ತಿಂಡಿ ಡಬ್ಬಿಯ ಮುಚ್ಚಳದಲ್ಲಿ ನೀರು ತಳ್ಳಿದೆ. ಮೀನಿಗೆ ಬಲೆ ಬಿಡುತ್ತಿದ್ದ ಇಬ್ಬರು ತೆಪ್ಪದಲ್ಲಿ ಬಂದು, ಹಗ್ಗ ಎಸೆದು ನಮ್ಮನ್ನು ದಡಕ್ಕೆ ಎಳೆದರು.

ಸಾಬ್ರು ಎಂಜಿನ್ ಮುಟ್ಟಿ ನೋಡಿದರು. "ಬೇರಿಂಗ್ ಓಗ್ಬುಟ್ಟದೆ. ಏಳ್ದೆ ಕೇಳ್ದೆ ಓಗಾದಲ್ಲ ಇದು" ಎಂದು ನನ್ನ ಕಡೆ ತಿರುಗಿದರು. "ಸದ್ದು ಬತ್ತಿತ್ತಾ?"

"ಬರ್ತಿತ್ತು."

"ಯಾವಾಗ್ಲಿಂದ?"

"ಅರ್ಧ ಗಂಟೆಯಿಂದ."

"ಮತ್ಯಾಕೆ ಏಳ್ನಿಲ್ಲ?"

"ನಿಮಗೆ ಕೇಳ್ತಿದೆ ಅಂದ್ಕೊಂಡೆ."

ಅವರು ಕೈಗಂಟಿದ ಗ್ರೀಸನ್ನು ಹುಲ್ಲಿಗೆ ಒರೆಸಿಕೊಂಡರು. ಆಮೇಲೆ ಹೇಳಿದರು: "ಎರಡು ವರ್ಸ ಆಯ್ತು ಮೇಸ್ಟ್ರೆ, ಕಿವಿ ಸರ್ಯಾಗಿ ಕೇಳ್ದೆ. ಸ್ಕ್ರೂಡ್ರೈವರ್ ಇಕ್ಕಂಡು ಸುಮ್ಕೆ ನಿಂತ್ಕತಿದ್ದೆ. ಕೈಗೆ ತಿಳಿಯಾದ್ನ ಕಿವಿಗೆ ತಿಳೀತು ಅಂತಿದ್ದೆ. ಇವತ್ತು ಇಡೀ ದೋಣಿನೇ ನಡುಗ್ತಿತ್ತಲ್ಲ, ಕೈಗೂ ಗೊತ್ತಾಗ್ನಿಲ್ಲ."

ನಾನು ಮಾತಾಡುವಾಗಲೆಲ್ಲ ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಅದನ್ನು ಮೇಷ್ಟ್ರಿಗೆ ಕೊಡುವ ಮರ್ಯಾದೆ ಎಂದು ನಾನು ಬೀಗುತ್ತಿದ್ದೆ. ನರಸೀಪುರ ತಲುಪಲಿಲ್ಲ, ಬಸ್ಸಿನಲ್ಲಿ ಮಳವಳ್ಳಿಗೆ ವಾಪಸಾದೆವು.

ಸೋಮವಾರ ಅಂಗಡಿಗೆ ಬಂದವರಿಗೆಲ್ಲ ಅವರೇ ಹೇಳಿದರು: "ನಂಗೆ ಕಿವಿ ಕೇಳಲ್ಲ. ಬ್ಯಾರೆ ಕಡೆ ಓಗಂಗಿದ್ರೆ ಓಗಿ." ಕೆಲವರು ಹೋದರು, ಹೆಚ್ಚಿನವರು ಹೋಗಲಿಲ್ಲ. ಅಲ್ಲಿಂದ ಮುಂದೆ ಗಿರಾಕಿಗಳೇ ಎಂಜಿನ್ನಿನ ಸದ್ದನ್ನು ಅವರ ಮಂಡಿಯ ಮೇಲೆ ತಟ್ಟಿ ತೋರಿಸಬೇಕು, ಅವರು ಕಣ್ಣುಮುಚ್ಚಿ ತಿಳಿಯಬೇಕು. ಬಂಡೂರಿನ ಗೌಡರು ಬಾಯಲ್ಲೂ ಸದ್ದು ಮಾಡುತ್ತ, ಅಗತ್ಯಕ್ಕಿಂತ ಜೋರಾಗಿಯೇ ತಟ್ಟುತ್ತಿದ್ದರು. ಸಾಬ್ರು ತಟ್ಟಿಸಿಕೊಂಡು ಕೂರುತ್ತಿದ್ದರು.

ಹೋದ ವರ್ಷ ಅವರನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದ ದಿನ ಡಾಕ್ಟರು ಬಂದು ನನ್ನೆದುರಿಗೇ ಅವರ ಮಗನೊಡನೆ ಮಾತಾಡಿ ಹೋದರು. ಮಗ ತಂದೆಯ ಕಡೆ ತಿರುಗಿ, ನಗುತ್ತ, ಏನೂ ಇಲ್ಲವೆಂದು ಕೈಯಾಡಿಸಿದ. ಸಾಬ್ರು ಅವನನ್ನು ನೋಡಿದರು, ಆಮೇಲೆ ನನ್ನನ್ನು.

"ಮೇಸ್ಟ್ರೆ, ನೀವೇಳಿ. ದೋಣೀಲಿ ಇದ್ದಂಗೆ ಇರ್ಬ್ಯಾಡಿ."

ಮಗ ಬೇಡವೆಂದು ಕಣ್ಣಲ್ಲೇ ಅಂಗಲಾಚಿದ. ನಾನು ಮಂಚದ ಪಕ್ಕ ಕೂತು, ನನ್ನ ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ: ಲಿವರ್ ಪೂರ್ತಿ ಹೋಗಿದೆ, ತಿಂಗಳು ದಾಟುವುದು ಕಷ್ಟ ಅಂದರು. ಅವರು ನನ್ನ ಕೈ ಹಿಡಿದುಕೊಂಡು, "ಸರಿ ಬುಡಿ" ಎಂದರು. ಮರುದಿನವೇ ಹಟ ಮಾಡಿ ಊರಿಗೆ ಬಂದು, ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬಿಚ್ಚಿಟ್ಟಿದ್ದ ಮೂರು ಎಂಜಿನ್ನುಗಳನ್ನು ಕೆಲಸದವರಿಂದ ಜೋಡಿಸಿ ಅವರವರ ಹೊಲಕ್ಕೆ ಕಳಿಸಿದರು. ಮೂರನೆಯ ವಾರ ತೀರಿಕೊಂಡರು.

ಮಗ ಇವತ್ತಿಗೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಾನೆ. ಅವನ ಸಿಟ್ಟು ನ್ಯಾಯವೇ. ಆದರೆ ಅವರು ಕೇಳಿದ್ದು ನನ್ನನ್ನು.