ಎಂಟನೇ ತಿಂಗಳಿಗೆ ಹೆದರದ ಡಾಕ್ಟರಮ್ಮ

ನಮ್ಮ ಡಾಕ್ಟರಮ್ಮ ಎಷ್ಟು ಕುಳ್ಳಗಿದ್ದರೆಂದರೆ, ಪರೀಕ್ಷೆಯ ಮಂಚದ ಪಕ್ಕ ಒಂದು ಹಲಸಿನ ಮಣೆ ಇಟ್ಟುಕೊಂಡು, ಅದರ ಮೇಲೆ ಹತ್ತಿ ನಿಂತು ಬಸುರಿಯರ ಹೊಟ್ಟೆ ನೋಡುತ್ತಿದ್ದರು. ಮಣೆಯನ್ನು ಕಾಲಿನಿಂದಲೇ ಸರ್ರನೆ ತಳ್ಳಿಕೊಂಡು ಮಂಚದ ಸುತ್ತ ಓಡಾಡುತ್ತಿದ್ದರು. ಆ ಸದ್ದು ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುತ್ತಿತ್ತು. ಬಿಳಿ ಕೋಟಿನ ಜೇಬಿನಲ್ಲಿ ಹುರಿದ ಕಡಲೆಕಾಯಿ. ಹೊಳೆನರಸೀಪುರದ ಅರ್ಧ ಊರನ್ನು ಹುಟ್ಟಿಸಿದವರು ಅವರೇ ಎಂದು ಯಾರಾದರೂ ಹೊಗಳಿದರೆ, "ಹುಟ್ಟಿಸಿದ್ದು ನಾನಲ್ಲಪ್ಪ, ಬೀಳದ ಹಾಗೆ ಹಿಡ್ಕೊಂಡೆ ಅಷ್ಟೆ" ಎನ್ನುತ್ತಿದ್ದರು.

ಪ್ರಶ್ನೆ ಕೇಳಿದರೆ ಮುಖ ಸಿಂಡರಿಸುವ ಡಾಕ್ಟರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವರೋ, ಪ್ರಶ್ನೆ ಕೇಳದವರನ್ನು ಕಂಡರೆ ಬೇಸರ ಪಟ್ಟುಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಅವರು ಸಿಕ್ಕಿದ್ದು ಪುಣ್ಯ. ಮೊದಲ ಬಸುರಿನಲ್ಲಿ ಐದು ತಿಂಗಳು ತುಂಬುವಷ್ಟರಲ್ಲೇ ಬಿಪಿ ಏರಿ ನನ್ನ ಕಾಲುಗಳು ಊದಿಕೊಂಡಿದ್ದವು. ಭಯದಲ್ಲೇ ಕೇಳಿದೆ: "ಮೇಡಂ, ಈಗಲೇ ಹೆರಿಗೆ ಆಗಿಬಿಟ್ಟರೆ ಮಗು ಬದುಕುತ್ತಾ?"

"ಇಲ್ಲ" ಅಂದರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಆಮೇಲೆ ಮಣೆಯ ಮೇಲೆಯೇ ಕೂತರು. "ಶ್ವಾಸಕೋಶ ಇನ್ನೂ ತಯಾರಾಗಿಲ್ಲ. ಹೊಟ್ಟೆಯೊಳಗೆ ಉಸಿರಾಡೋ ಕೆಲಸವೇ ಇಲ್ಲ ನೋಡಿ, ಅದಕ್ಕೇ ಅದಕ್ಕೆ ಅವಸರ ಇಲ್ಲ."

"ಹಾಗಾದರೆ ಯಾವತ್ತಿನಿಂದ ಬದುಕುತ್ತೆ?"

"ಅದು ಎಲ್ಲಿ ಹುಟ್ಟುತ್ತೆ ಅನ್ನೋದರ ಮೇಲೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆರು ತುಂಬಿದ್ದೂ ಉಳಿಯಬಹುದು. ಏಳು ತುಂಬಿ ಹಾಸನದಲ್ಲಿ ಹುಟ್ಟಿದರೆ ನಾನು ಧೈರ್ಯ ಹೇಳ್ತೀನಿ. ನನ್ನ ಈ ನರ್ಸಿಂಗ್ ಹೋಮಿನಲ್ಲಿ ಎಂಟು ತುಂಬಿದ್ದಕ್ಕೂ ನನಗೆ ಭಯವೇ. ಮಗೂನ ಬೆಚ್ಚಗಿಡೋ ಯಂತ್ರ ನನ್ನ ಹತ್ರ ಇಲ್ಲ."

ಇದು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯತೊಡಗಿತು. ಮಗು ಬದುಕುವ ಗೆರೆಯನ್ನು ಪ್ರಕೃತಿಯೇ ಎಳೆದಿರುತ್ತದೆ ಎಂದುಕೊಂಡಿದ್ದವಳು ನಾನು. ನೋಡಿದರೆ ಅದು ಬಸ್ಸು ಹತ್ತಿ ಇಳಿದಂತೆ ಬದಲಾಗುವ ಗೆರೆ! ಮನೆಗೆ ಬಂದು ಗಂಡನಿಗೆ ಇದನ್ನೇ ವಿವರಿಸಿದೆ. "ಮೊದಲು ಮಾತ್ರೆ ನುಂಗು" ಎಂದರು ಅವರು.

ಮಾತ್ರೆ, ಮಲಗುವುದು, ವಾರವಾರವೂ ಮೂತ್ರ ಪರೀಕ್ಷೆ. ಹೀಗೆ ದಿನ ತಳ್ಳಿದೆವು. "ಹೆದರೋದಾದರೆ ತಿಳ್ಕೊಂಡು ಹೆದರಿ" ಎನ್ನುವುದು ಡಾಕ್ಟರಮ್ಮನ ಮಾತು. ನಾನು ಹಾಗೇ ಎಲ್ಲ ತಿಳಿದುಕೊಂಡು ಹೆದರಿದೆ.

ಏಳು ತುಂಬಿ ಎಂಟಕ್ಕೆ ಬಿದ್ದ ಮೇಲೆ ಒಂದು ಬೆಳಿಗ್ಗೆ ತಲೆ ಸಿಡಿಯತೊಡಗಿತು. ಕಣ್ಣ ಮುಂದೆ ಮಿಂಚು ಹುಳುಗಳು. ಡಾಕ್ಟರಮ್ಮ ಬಿಪಿ ನೋಡಿದವರೇ, ಫಿಟ್ಸ್ ಬರದಿರಲೆಂದು ಒಂದು ಇಂಜೆಕ್ಷನ್, ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಇನ್ನೊಂದು ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿಸಿ, ಜೊತೆಗೆ ಬಂದಿದ್ದ ನನ್ನ ಗಂಡನಿಗೂ ಅತ್ತೆಗೂ ಹೇಳಿದರು: "ಇನ್ನು ಕಾಯೋ ಹಾಗಿಲ್ಲ. ಕಾದರೆ ಮಗು ಗಟ್ಟಿಯಾಗುತ್ತೆ, ನಿಜ. ಆದರೆ ಇವರು ಉಳಿಯೋದು ಕಷ್ಟ. ಹಾಸನದಲ್ಲಿ ಹೆರಿಗೆ ಮಾಡಿಸಲಿ. ಮಗು ಹೊಟ್ಟೆಯೊಳಗಿದ್ದೇ ಪ್ರಯಾಣ ಮಾಡೋದು ಒಳ್ಳೇದು."

ನನ್ನ ಅತ್ತೆ, ಹಳೇಕೋಟೆ ಹಳ್ಳಿಯವರು, ಬಾಗಿಲಿಗೆ ಅಡ್ಡ ನಿಂತರು.

"ಎಂಟ್ರಲ್ಲಿ ಬ್ಯಾಡಿ ಡಾಕ್ಟ್ರವ್ವ. ಏಳ್ರಲ್ಲಿ ಉಟ್ಟಿದ್ದಾದ್ರೂ ಬದುಕ್ತದೆ, ಎಂಟ್ರಲ್ಲಿ ಉಟ್ಟಿದ್ದು ದಕ್ಕಕಿಲ್ಲ. ಒಂಬತ್ತಕ್ಕೆ ಬೀಳ್ಲಿ, ಆಮ್ಯಾಕೆ ಕರ್ಕೊಂಡೋಗನ."

ನನ್ನ ಗಂಡ ಅವರಮ್ಮನ ಮುಖ, ಡಾಕ್ಟರ ಮುಖ ನೋಡುತ್ತ ನಿಂತುಬಿಟ್ಟರು. ನನಗೋ ತಲೆ ಒಡೆದುಹೋಗುತ್ತಿದ್ದರೂ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. ಒಂದು ತಿಂಗಳು ಹೆಚ್ಚಿಗೆ ಬೆಳೆದ ಮಗುವೇ ಯಾಕೆ ಸಾಯಬೇಕು?

ಬೇರೆ ಯಾರಾದರೂ ಆಗಿದ್ದರೆ ಅತ್ತೆಯನ್ನು ಗದರಿ ಆಚೆ ಕಳಿಸುತ್ತಿದ್ದರು. ಡಾಕ್ಟರಮ್ಮ ಕೇಳಿದರು: "ಎಂಟರಲ್ಲಿ ಹುಟ್ಟಿ ಹೋಗಿದ್ದನ್ನ ನೀವೇ ಕಣ್ಣಾರೆ ನೋಡಿದ್ದೀರೇನಮ್ಮ?" ಅದರಲ್ಲಿ ಕೊಂಕಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ನಂದೇ ಕಣವ್ವ" ಎಂದರು ಅತ್ತೆ. ಮದುವೆಯಾಗಿ ಇಷ್ಟು ದಿನವಾದರೂ ನನಗದು ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲ. "ಮೊದಲ್ನೇದು. ಎಣ್ಣು ಕೂಸು."

"ಹುಟ್ಟಿದಾಗ ಅತ್ತಿತ್ತಾ?"

"ಚೆಂದಾಗಿ ಅತ್ತಿತ್ತು. ಸೂಲಗಿತ್ತಿ ನೀರು ಉಯ್ದು ಕೈಗೆ ಕೊಟ್ಲು. ಸಂಜಿಕೆ ತಣ್ಣಗಾಗೋಯ್ತು."

ಡಾಕ್ಟರಮ್ಮ ಮೆಲ್ಲಗೆ, "ದಿನ ತುಂಬದ ಕರು ಹುಟ್ಟಿದರೆ ಏನು ಮಾಡ್ತೀರಿ?" ಎಂದರು.

"ಒರ್ಸಿ, ಗೋಣಿಚೀಲ ಒದ್ಸಿ, ಒಲೆತಾವ ಮಲಗುಸ್ತೀವಿ."

"ಮೈಗೆ ನೀರು ಹುಯ್ಯಲ್ವಾ?"

"ಅಯ್ಯೋ, ಯಾರಾನಾ ಉಯ್ದಾರಾ? ಚಳಿಗೆ ಸತ್ತೋ..." ಅತ್ತೆಯ ಮಾತು ಅಲ್ಲಿಗೇ ನಿಂತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಡಾಕ್ಟರಮ್ಮ ಹೋಗಿ ಅವರ ಎರಡೂ ಕೈ ಹಿಡಿದರು. "ಆಗ ಯಾರಿಗೂ ಗೊತ್ತಿರಲಿಲ್ಲಮ್ಮ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವೂ ಆಸ್ಪತ್ರೆಯಲ್ಲೇ ಹುಟ್ಟಿದ ತಕ್ಷಣ ತೊಳೀತಿದ್ದೆವು. ತುಂಬಿದ ಮಕ್ಕಳು ತಡ್ಕೊಳ್ತಿದ್ದವು, ಮೈಮೇಲೆ ಕೊಬ್ಬಿರುತ್ತೆ. ನಿಮ್ಮ ಮಗುವಿಗೆ ಅದಿರಲಿಲ್ಲ. ಎಂಟನೇ ತಿಂಗಳು ಅಂತ ಹೋಗಿದ್ದಲ್ಲ ಅದು, ಚಳಿಗೆ ಹೋಗಿರಬೇಕು. ಈ ಮಗು ಬದುಕೇ ಬದುಕುತ್ತೆ ಅಂತ ನಾನು ಹೇಳಲಾರೆ. ಆದರೆ ಬೆಚ್ಚಗಿಡೋರು ಅಲ್ಲಿದ್ದಾರೆ."

ಹೊರಗೆ ಆಂಬುಲೆನ್ಸ್ ಬಂದ ಸದ್ದಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಮಗನಿಗೆ ಗದರಿದರು. "ನೋಡ್ಕಂಡು ನಿಂತವ್ನೆ! ಇಡ್ಕೊಳ್ಲಾ ಅವಳ್ನ, ನಡಿ ಆಸ್ನಕ್ಕೆ."

ಹಾಸನದಲ್ಲಿ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಮೊದಲಿಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸ್ವಲ್ಪ ಚೇತರಿಸಿಕೊಂಡ ಮೇಲೆ ನರ್ಸಮ್ಮ ಬಂದು, ಯಾರಾದರೂ ಬರಿಮೈಗೆ ಒತ್ತಿಕೊಂಡು ಬೆಚ್ಚಗಿಟ್ಟುಕೊಳ್ಳಬೇಕು ಎಂದಾಗ ನನಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಅತ್ತೆ ರವಿಕೆ ಬಿಚ್ಚಿ, ಮಗುವನ್ನು ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಹೊದ್ದು ಕೂತರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮನೆಗೆ ಬಂದ ಮೇಲೆ, ಮಗುವಿಗೆ ಎಣ್ಣೆ ನೀರು ಹಾಕುತ್ತೇನೆಂದು ಬಂದ ನೆಂಟರನ್ನು ಜಗುಲಿಯಿಂದಲೇ ವಾಪಸ್ ಕಳಿಸಿದರು. ಡಾಕ್ಟರಮ್ಮ ಆಗಲಿ ಎನ್ನುವವರೆಗೂ ಮಗುವಿನ ಮೈಗೆ ನೀರು ಸೋಕಿಸಲಿಲ್ಲ. ಮಗಳು ಈಗ ನಾಲ್ಕನೇ ಕ್ಲಾಸು. ಪ್ರಶ್ನೆ ಕೇಳುವುದರಲ್ಲಿ ನನ್ನನ್ನೂ ಮೀರಿಸಿದ್ದಾಳೆ.

ಡಾಕ್ಟರಮ್ಮ ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ, ಮಂಡಿನೋವೆಂದು ಪಕ್ಕದ ಬೀದಿಗೂ ಹೋಗದ ಅತ್ತೆ ನಮಗಿಂತ ಮೊದಲೇ ಹೊರಟು ನಿಂತಿದ್ದರು. ಡಾಕ್ಟರಮ್ಮನ ಮನೆಯಲ್ಲಿ ಜನವೋ ಜನ. ಅತ್ತೆ ಮೊಮ್ಮಗಳನ್ನು ಮುಂದೆ ಬಿಟ್ಟು ಕಾಲಿಗೆ ನಮಸ್ಕಾರ ಮಾಡಿಸಿದರು. ನನಗೆ ಅಳು ತಡೆಯಲಿಲ್ಲ. ಇವಳನ್ನು ಉಳಿಸಿಕೊಟ್ಟ ಋಣ ಹೇಗೆ ತೀರಿಸೋದು ಎಂದು ಏನೋ ಬಡಬಡಿಸಿದೆ.

ಅತ್ತೆ ಅಳಲಿಲ್ಲ. ಬಹಳ ಹೊತ್ತು ಆ ಮುಖವನ್ನೇ ನೋಡುತ್ತಿದ್ದು, ನನ್ನ ಕಡೆ ತಿರುಗಿ ಹೇಳಿದರು: "ನನ್ ಮೊದಲ್ನೇ ಕೂಸು ಸತ್ತಾಗ ಎಲ್ಲಾರೂವೆ ನನ್ ಕಾಲ್ಗುಣ ಅಂದ್ರು ಕಣವ್ವ. ನಾನೂ ಅಂಗೇ ಅನ್ಕಂಡಿದ್ದೆ. ಅಲ್ಲ ಅಂತ ಏಳ್ದೋಳು ಈವಮ್ಮ ಒಬ್ಬಳೇಯ."