ಹುಳ ಹಣ್ಣಾಗುವ ದಿನ, ನಿಲ್ಲಿಸಿದ ಮಾತ್ರೆ

ನಮ್ಮ ಅತ್ತೆ ಹುಳಕ್ಕೋಸ್ಕರ ನಶ್ಯ ಬಿಟ್ಟವರು. ಗಂಡ ಹೇಳಿ, ಮಕ್ಕಳು ಹೇಳಿ ಬಿಡದಿದ್ದ ನಶ್ಯದ ಡಬ್ಬಿಯನ್ನ, ಹುಳದ ಮನೆಗೆ ಘಾಟು ತಾಗಬಾರದು ಅಂತ ಒಂದು ಬೆಳಿಗ್ಗೆ ತಿಪ್ಪೆಗೆ ಎಸೆದರಂತೆ. ಸಾದಲಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ನನಗೂ ಅದೇ ಪಾಠ. ರೇಷ್ಮೆ ಹುಳ ಮೇಯುವಷ್ಟು ದಿನ ಮಲ್ಲಿಗೆ ಮುಡಿಯೋ ಹಾಗಿಲ್ಲ, ಪೌಡರ್ ಹಾಕೋ ಹಾಗಿಲ್ಲ, ದೇವರಿಗೂ ಊದುಬತ್ತಿ ಇಲ್ಲ. ಇದೆಲ್ಲ ಸರಿಯೇ. ಘಾಟು ವಾಸನೆ ಹುಳಕ್ಕೆ ಆಗಿಬರಲ್ಲ ಅಂತ ರೇಷ್ಮೆ ಇಲಾಖೆಯವರೂ ಹೇಳ್ತಾರೆ. ಆದರೆ ಸರಿಯಾದ ಮಾತನ್ನೇ ಎಳೆದು ಎಳೆದು ಎಲ್ಲಿಗೆ ತಂದು ನಿಲ್ಲಿಸಬಹುದು ಅನ್ನೋದನ್ನ ನಾನು ಹೋದ ವರ್ಷ ಕಣ್ಣಾರೆ ಕಂಡೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ನಮ್ಮ ಯಜಮಾನರಿಗೆ ಅದರ ಹಿಂದಿನ ಮಳೆಗಾಲದಲ್ಲಿ ಮನಸ್ಸು ಕುಸಿದುಹೋಗಿತ್ತು. ಯಾಕೆ ಅಂತ ಕೇಳಿದವರಿಗೆ ಹೇಳೋಕೆ ನಮ್ಮ ಹತ್ತಿರ ಕಾರಣವೇ ಇರಲಿಲ್ಲ. ತಟ್ಟೆ ಮುಂದೆ ಕೂತರೆ ಮುದ್ದೆ ಆರಿ ಗಟ್ಟಿಯಾಗುವವರೆಗೂ ಸುಮ್ಮನೆ ನೋಡ್ತಾ ಇರೋರು. ಒಬ್ಬರು ಗಾಳಿ ಸೋಕಿದೆ ಅಂದರು, ಇನ್ನೊಬ್ಬರು ಮೈಗಳ್ಳತನ ಅಂದರು. ಮೈಗಳ್ಳತನ ಅಂದವರಿಗೆ ನಾನು ಜನ್ಮದಲ್ಲಿ ಮರೆಯದ ಹಾಗೆ ಉಗಿದು, ಇವರನ್ನ ಚಿಕ್ಕಬಳ್ಳಾಪುರಕ್ಕೆ ಕರಕೊಂಡು ಹೋದೆ. ಅಲ್ಲಿನ ಮನೋವೈದ್ಯೆ ಇದು ಖಿನ್ನತೆ ಅಂದರು, ದಿನಕ್ಕೊಂದು ಮಾತ್ರೆ ಬರೆದರು. ಗುಣ ಕಾಣೋಕೆ ಕೆಲವು ವಾರ ಬೇಕು, ಚೆನ್ನಾಗಾದ ಮೇಲೂ ನನ್ನನ್ನ ಕೇಳದೆ ನಿಲ್ಲಿಸಬೇಡಿ ಅಂತ ಅವತ್ತೇ ಹೇಳಿ ಕಳಿಸಿದ್ದರು. ನಿಧಾನವಾಗಿ ಊಟ ಸೇರಿತು, ನಿದ್ದೆ ಬಂತು. ದೀಪಾವಳಿ ಹೊತ್ತಿಗೆ ನನ್ನನ್ನ ರೇಗಿಸೋಕೂ ಶುರು ಮಾಡಿದರು. "ನಿನ್ನ ಬಾಯಿಗೆ ಹೆದರಿ ಕಾಯಿಲೆ ಓಡಿಹೋಯ್ತು ಕಣೇ" ಅಂದರು. ಆ ಮಾತು ಕೇಳಿ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಒಂದು ಬೆಳೆಗೆ ಹಾಲು ರೋಗ ಬಿತ್ತು. ಹುಳ ಊದಿಕೊಂಡು, ಮೈಯಿಂದ ಹಾಲಿನಂಥ ನೀರು ಸೋರಿ ಸಾಯುತ್ತವೆ. ಎಲ್ಲವನ್ನೂ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಹುಳ ಸಾಕುವವರ ಮನೆಯಲ್ಲಿ ಇದೇನು ಹೊಸದಲ್ಲ. ಆದರೆ ಅತ್ತೆಯ ತಲೆಯಲ್ಲಿ ಏನೋ ಕೊರೆಯುತ್ತಾ ಇತ್ತು, ಅದು ನನಗೆ ಗೊತ್ತಾಗಲಿಲ್ಲ.

ಮುಂದಿನ ಬೆಳೆ ಸೊಗಸಾಗಿ ಎದ್ದಿತು. ನಾಲ್ಕನೇ ಸಲ ಪೊರೆ ಬಿಟ್ಟ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರಿಗೆ ಕೂರೋಕೆ ಹೊತ್ತಿಲ್ಲ. ಆ ಗಡಿಬಿಡಿಯಲ್ಲಿ ಇವರು ದಿನದಿನಕ್ಕೆ ಕೆಡುತ್ತಾ ಬಂದರು. ಸಣ್ಣದಕ್ಕೂ ಸಿಡುಕು. ತಮ್ಮನ ಮೇಲೆ, ಅಂದರೆ ನನ್ನ ಮೈದುನನ ಮೇಲೆ, ಬುಟ್ಟಿ ಎಸೆದು, ಮರುಕ್ಷಣವೇ ಮೂಲೆಯಲ್ಲಿ ಕೂತು ಬಿಕ್ಕಿದರು. ಕೆಲಸ ಜಾಸ್ತಿ, ನಿದ್ದೆ ಕಮ್ಮಿ, ಅದಕ್ಕೇ ಹೀಗೆ ಅಂದುಕೊಂಡೆ.

ಒಂದು ಬೆಳಿಗ್ಗೆ ಸೊಪ್ಪಿನ ಹೊರೆ ಇಳಿಸುತ್ತಾ ಕಂಬ ಹಿಡಿದು ನಿಂತುಬಿಟ್ಟರು. "ತಲೆ ಒಳಗೆ ಕರೆಂಟ್ ಹೊಡೆದಂಗಾಗ್ತದೆ ಕಣೇ" ಅಂದರು. ಆಮೇಲೆ ನನ್ನ ಕಡೆ ನೋಡದೆ, "ನಾನಿಲ್ದಿದ್ರೂ ನೀವು ಹುಳ ಮೇಯಿಸ್ಕೊಂಡು ಹೋಗ್ತೀರ ಬಿಡು" ಅಂದರು.

"ರೀ, ಮಾತ್ರೆ ತಗೋತಾ ಇದೀರಾ?" ಅಂದೆ. ಅವರು ತಾಯಿಯ ಮುಖ ನೋಡಿದರು.

ಅತ್ತೆ ಸೊಪ್ಪು ಬಿಡಿಸುತ್ತಲೇ ಹೇಳಿದರು. "ಮರಿ ಹುಳ ತಂದಾಗ್ಲಿಂದ ನಿಲ್ಸಿದೀವಿ ಕಣಮ್ಮ. ಗೂಡು ಬಿಡಿಸಿದ ಮೇಲೆ ತಗೊಳ್ಲಿ. ಮಾತ್ರೆ ಬೆವರಲ್ಲಿ ಬತ್ತದೆ, ಅದೇ ಕೈಲಿ ಸೊಪ್ಪು ಹಾಕಿದ್ರೆ ಹುಳ ತಡೀತದಾ? ಹೋದ ಬೆಳೆ ಹಂಗೇ ಅಲ್ವಾ ಹೋಗಿದ್ದು?"

ನನ್ನ ಬಾಯಿಂದ ಏನು ಬಂತು ಅಂತ ಪೂರ್ತಿ ನೆನಪಿಲ್ಲ. ಬೀದಿಯವರಿಗೆ ನೆನಪಿದೆ. "ನಿಮಗೆ ಮಗ ಬೇಕೋ ಹುಳ ಬೇಕೋ" ಅಂತ ಕೇಳಿದ್ದಂತೂ ಹೌದು. ಅವರಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಮಗ ಎದ್ದು ಓಡಾಡ್ತಿದ್ದಾನೆ, ಹುಳ ತಾನೇ ಸಾಯೋದು ಅನ್ನೋ ಲೆಕ್ಕ. ಇವರೂ ಅಷ್ಟೆ, ಬೆಳೆ ಹೋದದ್ದು ತಮ್ಮಿಂದಲೇ ಅಂತ ನಂಬಿ ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದರು.

ನಾನು ಕೂಗಾಡುತ್ತಿರುವಾಗಲೇ ಇವರು ಎದ್ದು ಒಳಗೆ ಹೋದರು. ಹಿಂದೆಯೇ ಹೋಗಿ ನೋಡಿದರೆ ಅಂಗೈ ತುಂಬ ಮಾತ್ರೆ ಬಿಡಿಸಿಕೊಂಡಿದ್ದಾರೆ. "ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ತಗೊಂಡ್ಬಿಡ್ತೀನಿ, ಸರಿಹೋಗ್ತದೆ, ನೀನು ಕೂಗ್ಬೇಡ" ಅಂದರು. ಮಣಿಕಟ್ಟು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಒಂದೊಂದಾಗಿ ಎಲ್ಲವನ್ನೂ ತೆಗೆದು ನನ್ನ ಸೆರಗಿಗೆ ಕಟ್ಟಿಕೊಂಡೆ. ಆಗ ನನಗೆ ಕೋಪ ಇಳಿದು ಬರೀ ಭಯ ಉಳಿಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ತಪ್ಪಿಹೋದ ಮಾತ್ರೆಗಳನ್ನ ಯಾವತ್ತೂ ಒಟ್ಟಿಗೆ ಕೊಡಬೇಡಿ ಅಂದರು. ಇಷ್ಟು ದಿನ ಬಿಟ್ಟ ಮೇಲೆ ಹಳೇ ಅಳತೆಯಲ್ಲೇ ನೀವಾಗಿ ಶುರು ಮಾಡೋದೂ ಬೇಡ, ನಾನು ನೋಡಿ ಹೇಳ್ತೀನಿ ಅಂದರು. ಕಂಬದ ಹತ್ತಿರ ಇವರು ಆಡಿದ ಮಾತನ್ನ ಹೇಳಿದಾಗ ಅವರ ದನಿ ಬದಲಾಯಿತು. "ಈಗಲೇ ಹೊರಡಿ. ಒಬ್ಬರನ್ನೇ ಬಿಡಬೇಡಿ, ಶೌಚಕ್ಕೆ ಹೋದರೂ ಬಾಗಿಲ ಹೊರಗೆ ಯಾರಾದರೂ ಇರಲಿ. ಮನೆಯಲ್ಲಿರೋ ಮಾತ್ರೆ, ತೋಟದ ಔಷಧಿ ಅವರ ಕೈಗೆ ಸಿಗಬಾರದು." ಸಿಂಪಡಿಸುವ ಔಷಧಿಯನ್ನೆಲ್ಲ ಮೈದುನ ಪಕ್ಕದ ಮನೆಗೆ ಹೊತ್ತು ಹಾಕಿದ. ಅದನ್ನ ನೋಡುವಾಗ ಅತ್ತೆಗೆ ಮೊದಲ ಸಲ ವಿಷಯ ಅರ್ಥವಾಗಿರಬೇಕು. ನಾನೂ ಬರ್ತೀನಿ ಅಂತ ಚಪ್ಪಲಿ ಮೆಟ್ಟಿದರು.

ಬಾಡಿಗೆ ಕಾರು ಹತ್ತುವಾಗಲೇ ಹುಳ ಹಣ್ಣಾಗೋಕೆ ಶುರುವಾಗಿತ್ತು. ಹಣ್ಣಾದ ಹುಳ ಮೇವು ಬಿಟ್ಟು ತಲೆ ಎತ್ತಿ ಆಡಿಸುತ್ತೆ. ಆಗ ಅದನ್ನ ಆರಿಸಿ, ಗೂಡು ಕಟ್ಟೋಕೆ ಚಂದ್ರಿಕೆ ಅನ್ನೋ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಕಸಕ್ಕೆ ಸುತ್ತಿ ಹಾಳು. ಇಡೀ ಬೆಳೆಯ ಫಲ ಆ ಒಂದು ದಿನದ್ದು, ಆ ಹೊತ್ತಿಗೆ ಮನೆಯ ಮೂರು ಜೊತೆ ಕೈ ಇಲ್ಲ.

ಶಿಡ್ಲಘಟ್ಟ ದಾಟಿದರೂ ಇವರು ನಮ್ಮಿಬ್ಬರ ಮಧ್ಯೆ ಕಣ್ಣು ಮುಚ್ಚಿ ಕೂತಿದ್ದರು. ಕಾರು ತಿರುಗಿದಾಗಲೆಲ್ಲ ತಲೆ ಹಿಡಿದುಕೊಳ್ಳೋರು. ನಾನು ಅವರ ಅಂಗಿಯ ತುದಿ ಹಿಡಿದುಕೊಂಡೇ ಇದ್ದೆ, ನಗು ಬಂದರೆ ನಗಿ. ಮೈದುನನ ಫೋನ್ ಮೇಲೆ ಫೋನ್. ಕೂಲಿಗೆ ಹೇಳಿದ್ದವರು ಇಬ್ಬರೇ ಬಂದಿದ್ದಾರೆ, ಹುಳ ಒಂದೇ ಸಮ ಹಣ್ಣಾಗ್ತಾ ಇವೆ, ಯಾವಾಗ ಬರ್ತೀರಾ? "ಬಂದ್ವಿ ಕಣೋ, ತೋರಿಸ್ಕೊಂಡು ಬಂದ್ಬಿಡ್ತೀವಿ" ಅಂತ ಅತ್ತೆ ಪ್ರತಿ ಸಲ ಹೇಳುತ್ತಿದ್ದರು. ಕ್ಲಿನಿಕ್ಕಿನಲ್ಲಿ ನಮ್ಮ ಸರದಿ ಬರುವವರೆಗೂ ಇದೇ ಆಯಿತು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆ ಕರೆಂಟ್ ಹೊಡೆದ ಹಾಗಿನದು, ತಲೆ ತಿರುಗೋದು ಮಾತ್ರೆಯನ್ನ ತಟ್ಟನೆ ನಿಲ್ಲಿಸಿದ್ದಕ್ಕೆ, ಜೊತೆಗೆ ಹಳೇ ಕಾಯಿಲೆಯೂ ತಿರುಗಿ ಬಂದ ಹಾಗಿದೆ ಅಂದರು. ನಿಲ್ಲಿಸೋ ಕಾಲ ಬಂದಾಗ ನಾನೇ ಸ್ವಲ್ಪ ಸ್ವಲ್ಪವಾಗಿ ಇಳಿಸ್ತೀನಿ ಅಂದರು. ಸೊಂಟ ನೋವಿಗೆ ಇವರು ಅಂಗಡಿಯಲ್ಲಿ ಬಿಡಿ ಮಾತ್ರೆ ಕಟ್ಟಿಸಿಕೊಂಡು ನುಂಗಿದ್ದು ಆಗ ಹೊರಗೆ ಬಂತು. ಕೆಲವು ನೋವಿನ ಮಾತ್ರೆ ಇದರ ಜೊತೆ ಸೇರಿದರೆ ಅಪಾಯ, ಏನೇ ತಗೊಳ್ಳೋ ಮೊದಲು ಈ ಚೀಟಿ ತೋರಿಸಿ ಕೇಳಿ ಅಂದರು.

ಅತ್ತೆಗೆ ತಡೆಯಲಿಲ್ಲ. "ಹುಳಕ್ಕೇನೂ ಆಗಲ್ವಾಮ್ಮ?"

"ಮಾತ್ರೆ ಹೋಗೋದು ಇವರ ಹೊಟ್ಟೆಗೆ, ಸೊಪ್ಪಿಗಲ್ಲ" ಅಂದರು ಡಾಕ್ಟರು. "ಕೈ ತೊಳಕೊಂಡು ಹೋಗಲಿ, ಸಾಕು." ಆಮೇಲೆ ಇವರ ಕಡೆ ತಿರುಗಿ, ಊಟ ಆಯ್ತಾ ಅಂತ ಕೇಳುವಷ್ಟೇ ಸಲೀಸಾಗಿ ಕೇಳಿದರು. "ಸಾಯಬೇಕು ಅಂತ ಅನ್ನಿಸಿತ್ತಾ?"

ಇವರು ನೆಲ ನೋಡುತ್ತಲೇ ತಲೆ ಆಡಿಸಿದರು, ಹೌದು ಅಂತ.

ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿದ್ದ ಫೋನ್ ಮತ್ತೆ ಹೊಡೆದುಕೊಂಡಿತು. ಮೈದುನನ ದನಿ ನನಗೂ ಕೇಳುತ್ತಿತ್ತು. "ಅಮ್ಮ, ಅರ್ಧ ಹುಳ ಕಸದಲ್ಲೇ ನೂಲು ಬಿಡ್ತಾ ಇವೆ, ಎಲ್ಲಿದೀರಾ?"

"ನಿಮ್ಮ ಕೈಲಾದಷ್ಟು ಆರಿಸಿ. ಮಿಕ್ಕಿದ್ದು ಹೋಗ್ಲಿ ಬಿಡು. ನಾವು ಈಗ ಬರಲ್ಲ" ಅಂದು ಅತ್ತೆ ಫೋನ್ ಆಫ್ ಮಾಡಿಬಿಟ್ಟರು. ಆಮೇಲೆ ಮಗನನ್ನ ನೋಡಿದರು. ನಮ್ಮ ಮನೆಯಲ್ಲಿ ಯಾರನ್ನೂ ಏನೂ ಕೇಳಿ ಮಾಡಿದವರಲ್ಲ ಅವರು.

"ನಿನ್ನ ಮನಸಲ್ಲಿ ಇರೋದನ್ನೆಲ್ಲ ಡಾಕ್ಟ್ರಿಗೆ ಹೇಳಪ್ಪ" ಅಂದರು. "ನಾನು ಆಚೆ ಹೋಗ್ಲಾ, ಇಲ್ಲೇ ಇರ್ಲಾ?"

"ಇಲ್ಲೇ ಇರಮ್ಮ" ಅಂದರು ಇವರು. ಆಮೇಲೆ ಹೇಳೋಕೆ ಶುರು ಮಾಡಿದರು.