ಅಳಿಯ ಕೂಡಿಸಿದ ಕ್ಯಾಪು

ನನ್ನ ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಇಲ್ಲ. ಹೋಗಿದ್ದು ಹುಳುಕು ಹಲ್ಲಲ್ಲ, ಅದರ ಪಕ್ಕದ ಗಟ್ಟಿ ಹಲ್ಲು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಹುಳುಕು ಹಲ್ಲಿಗೆ ರೂಟ್ ಕೆನಾಲ್ ಆಗಿ, ಮೇಲೆ ಕ್ಯಾಪು ಕೂಡಿಸಬೇಕಾಗಿತ್ತು. ಗೋಕಾಕದಲ್ಲಿ ನಮ್ಮ ಓಣಿ ದಾಟಿದರೆ ಹಲ್ಲಿನ ಡಾಕ್ಟರು ಇದ್ದಾರೆ. ಆದರೆ ಮಗಳನ್ನು ಕೊಟ್ಟಿದ್ದೇ ಹಲ್ಲಿನ ಡಾಕ್ಟರಿಗೆ. ಬೇರೆಯವರ ಮುಂದೆ ಬಾಯಿ ತೆರೆದರೆ ಬೀಗರು ಸುಮ್ಮನಿರುತ್ತಾರೆಯೇ? ಹುಕ್ಕೇರಿಗೆ ಹೋದೆ. ಅಳಿಯನ ದವಾಖಾನೆ ಅವರ ಮನೆಯ ಕೆಳಗೇ ಇದೆ. ಎದುರಿಗೆ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಬರೆಯುವಾಗ ‘ಅವನು’ ಎನ್ನುತ್ತೇನೆ, ಅಷ್ಟಾದರೂ ನನಗಿರಲಿ.

ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನೆದುರು ತಲೆ ಮೇಲೆ ಸೆರಗು ಹೊದ್ದು, ಬಾಗಿಲ ಮರೆಗೆ ನಿಂತು ಮಾತಾಡುವವಳು. ಅಂಥವಳು ಆ ಕುರ್ಚಿಯಲ್ಲಿ ಅಂಗಾತ ಮಲಗಿ ಅವನಿಗೆ ಬಾಯಿ ತೆರೆದು ತೋರಿಸಬೇಕು! ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅರ್ಧ ಬಾಯಿ ತೆರೆದೆ. ಅವನಿಗೂ ಸಂಕೋಚ. ಬೇರೆಯವರ ಗಲ್ಲ ಜಗ್ಗಿದಂತೆ ಅತ್ತೆಯ ಗಲ್ಲ ಜಗ್ಗಲಾದೀತೇ? “ಇನ್ನೊಂಚೂರು ತಗೀರಿ ಅತ್ತಿ” ಎಂದು ಮೆಲ್ಲಗೆ ಹೇಳಿ, ಸಿಕ್ಕಷ್ಟೇ ಬಾಯಲ್ಲಿ ಅಳತೆ ತೆಗೆದುಕೊಂಡ. ಮುಂದಿನ ವಾರ ಲ್ಯಾಬಿನಿಂದ ಕ್ಯಾಪು ಬಂತು. ಕೂಡಿಸಿ, ಕಚ್ಚಲು ಹೇಳಿದ. ಕಚ್ಚಿದೆ. ಮೇಲಿನಿಂದ ಬೀಗಿತ್ತಿ ಊಟಕ್ಕೆ ಕರೆಯುತ್ತಿದ್ದರು. “ಬರೋಬ್ಬರಿ ಕುಂತೈತಿ, ಏಳ್ರಿ” ಎಂದ.

ಅದೇ ಊಟದಲ್ಲಿ ಮೆಂತ್ಯೆ ಪಲ್ಯ ಹೋಗಿ ಕ್ಯಾಪಿಗೂ ಪಕ್ಕದ ಹಲ್ಲಿಗೂ ನಡುವೆ ಸಿಕ್ಕಿಕೊಂಡಿತು. ಅಂದಿನಿಂದ ಏನು ತಿಂದರೂ ಅಲ್ಲೇ. ರೊಟ್ಟಿಯ ಚೂರು, ಶೇಂಗಾ ಚಟ್ನಿ, ಹೆಸರುಕಾಳು. ಉಣ್ಣುವುದಕ್ಕಿಂತ ಕೆದಕುವುದೇ ಹೆಚ್ಚಾಯಿತು. ಅಳಿಯನಿಗೆ ಹೇಳಿದರೆ, “ಹೊಸಾದ ಐತ್ರಿ ಅತ್ತಿ, ರೂಢಿ ಆಗ್ತೈತಿ” ಎಂದ. ಹೊಸ ಚಪ್ಪಲಿ ರೂಢಿಯಾಗುತ್ತದೆ. ಸಂದಿ ರೂಢಿಯಾಗುತ್ತದೆಯೇ?

ಮೂಡಲಗಿಯ ತಂಗಿಯ ಮನೆಗೆ ಹೋದಾಗ ಅಲ್ಲಿಯ ಡಾಕ್ಟರಿಗೆ ತೋರಿಸಿದೆ. ಅವರ ಮುಂದೆ ನನಗೆ ಯಾವ ಸೆರಗೂ ಇಲ್ಲ, ಬಾಯಿ ತುಂಬ ತೆರೆದೆ. ಅವರು ತೆಳ್ಳನೆಯ ದಾರವೊಂದನ್ನು ಎರಡು ಹಲ್ಲುಗಳ ನಡುವೆ ಇಳಿಸಿ ಆಡಿಸಿದರು.

“ನೋಡ್ರಿ ಅಕ್ಕಾರ, ಈ ದಾರ ಬಿಗಿಯಾಗಿ ಇಳೀಬೇಕು. ಇದು ಬಾಗಲಾ ತಗದಿಟ್ಟಂಗ ಹೊಕ್ಕೊಂಡು ಹೊರಗ ಬರಾಕತ್ತೈತಿ. ಕ್ಯಾಪ ಬಾಜೂ ಹಲ್ಲಿಗೆ ಹತ್ತೇ ಇಲ್ಲ. ತಗದು ಹೊಸಾದ್ ಮಾಡೂನು. ಇಲ್ಲಾಂದ್ರ ಆ ಚಲೋ ಹಲ್ಲೂ ಕೆಡ್ತೈತಿ. ಯಾರ ಹಾಕ್ಯಾರ್ರಿ ಇದನ್ನ?”

“ಬ್ಯಾರೆ ಊರಾಗ್ರಿ” ಎಂದೆ. ಮತ್ತೇನು ಹೇಳಲಿ?

ಮರುವಾರ ಬರುತ್ತೇನೆಂದು ಹೇಳಿ ಬಂದು, ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ದನಿ ತಗ್ಗಿಸಿದಳು. “ಬ್ಯಾಡವ್ವಾ, ನಿನ್ನ ಕಾಲ ಬೀಳ್ತೇನಿ. ಅವರು ಹಾಕಿದ್ದನ್ನ ಮತ್ತೊಬ್ಬ ಡಾಕ್ಟರ್ ಕಿತ್ತ ಒಗದ ಅಂದ್ರ ಊರಾಗ ಅವರ ಹೆಸರ ಏನಾತು? ಮನ್ಯಾಗ ನಾ ಹೆಂಗ ಬಾಳೇ ಮಾಡ್ಲಿ?”

ಹಲ್ಲೋ ಮಗಳೋ ಎಂದರೆ ಯಾವ ತಾಯಿ ಹಲ್ಲು ಎನ್ನುತ್ತಾಳೆ? ಮೂಡಲಗಿಗೆ ಹೋಗಲಿಲ್ಲ. ಉಂಡ ಮೇಲೆಲ್ಲ ಬಾಯಿ ಮುಕ್ಕಳಿಸಿದೆ, ದಾರ ಆಡಿಸಿದೆ, ಉಪ್ಪು ನೀರು, ಲವಂಗ, ಏನೇನೋ ಮಾಡಿದೆ. ಒಳಗೊಳಗೇ ಕೊಳೆಯುವುದಕ್ಕೆ ಇದ್ಯಾವುದೂ ತಾಗಲಿಲ್ಲ. ಕಡೆಗೆ ಮುಖ ಊದಿಕೊಂಡಿತು. ಮತ್ತೆ ಹುಕ್ಕೇರಿ, ಮತ್ತೆ ಅದೇ ಕುರ್ಚಿ. ಬಾಯಿ ತೆರೆಯಿರಿ ಎನ್ನುವ ಮೊದಲೇ ತೆರೆದೆ. ನಾಚಿಕೆ ಪಡುವಷ್ಟು ಜೀವ ಎಲ್ಲಿ ಉಳಿದಿತ್ತು? ಕ್ಯಾಪಿನ ಪಕ್ಕದ ಆ ಗಟ್ಟಿ ಹಲ್ಲು ಬದಿಯಿಂದ ಪೂರ್ತಿ ಟೊಳ್ಳಾಗಿತ್ತು. ಕಿತ್ತ.

ಮೇಲೆ ಹೋದರೆ ಬೀಗರೆಲ್ಲ ಕೂತಿದ್ದರು. ಏನಾಯಿತೆಂದು ಬೀಗಿತ್ತಿ ಕೇಳಿದರು. ನನ್ನ ಬಾಯಲ್ಲಿ ಹತ್ತಿ. ಅಳಿಯನೇ ಹೇಳಿದ, “ಅತ್ತಿ ಹಲ್ಲ ನೆಟ್ಟಗ ತಿಕ್ಕಂಗಿಲ್ಲ, ಹಿಂಗಾಗಿ ಬಾಜೂದ್ದೂ ಹೋತು.” ಎಲ್ಲರೂ ನನ್ನನ್ನು ನೋಡಿದರು. ನಾನು ಮಗಳನ್ನು ನೋಡಿದೆ. ಮೂಡಲಗಿಯ ಡಾಕ್ಟರು ಹೇಳಿದ ಒಂದೊಂದು ಮಾತೂ ಅವಳಿಗೆ ಗೊತ್ತಿತ್ತು.

“ನಾನೂ ಬಡಕೊಂಡೇನ್ರಿ. ಕೇಳಂಗಿಲ್ಲ ನಮ್ಮವ್ವ” ಎಂದಳು.

ಹಲ್ಲು ಕಿತ್ತಾಗ ಅಳಲಿಲ್ಲ. ಈಗ ಅಳು ಬಂತು. ಹಲ್ಲಿನ ನೋವೆಂದು ತಿಳಿದು ಬೀಗಿತ್ತಿ ಗುಳಿಗೆ ಕೊಟ್ಟರು, ನುಂಗಿದೆ.

ಈಗಲೂ ಮಗಳು ದಿನಾ ಬೆಳಿಗ್ಗೆ ಫೋನು ಮಾಡುತ್ತಾಳೆ. ಒಬ್ಬಳೇ ಇದ್ದರೆ ಏನು ಅಡಿಗೆ, ಮಂಡಿ ನೋವು ಹೇಗಿದೆ ಎಂದು ಕೇಳುತ್ತಾಳೆ. ಕೆಲವು ದಿನ ಮಾತ್ರ ದನಿ ಏರಿಸಿ, “ಹಲ್ಲ ನೆಟ್ಟಗ ತಿಕ್ಕೊಂಡಿಯೇನವ್ವಾ?” ಎನ್ನುತ್ತಾಳೆ. ಗಂಡ ಪಕ್ಕದಲ್ಲಿದ್ದಾನೆಂದು ಆಗ ನನಗೆ ತಿಳಿಯುತ್ತದೆ.

“ತಿಕ್ಕೊಂಡೇನವಾ” ಎನ್ನುತ್ತೇನೆ.